ಬೀಳಬೇಕಾದ ಸಂಕ

ಕಳೆದ ತಿಂಗಳು ಉಡುಪಿಯಲ್ಲಿ ಒಂದು ಬೈಂಡಿಂಗ್ ಅಂಗಡಿಗೆ ಹೋಗಿದ್ದೆ. ಅತ್ತೆಯ ಭಜನೆ ಪುಸ್ತಕದ ಹಾಳೆಗಳು ಕಿತ್ತುಬಂದಿದ್ದವು, ಹೊಲಿಸಿ ರಟ್ಟು ಹಾಕಿಸಬೇಕಿತ್ತು. ಒಳಗಡೆ ಸಣ್ಣ ಒಲೆಯ ಮೇಲೆ ಮೈದಾ ಅಂಟು ಕಾಯುತ್ತಿತ್ತು. ಹೊರಗೆ ಮಳೆ. ಕಾದ ಮೈದಾ ಮತ್ತು ಒದ್ದೆಯಾದ ಹಳೆ ಪೇಪರು, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು, ಆಮೇಲೆ ಬರುತ್ತೇನೆ ಎಂದು ಹೇಳಿ, ಎದುರಿನ ಅಂಗಡಿಯ ಮಾಡಿನ ಕೆಳಗೆ ಹೋಗಿ ನಿಂತೆ. ಆ ವಾಸನೆ ನನ್ನ ಪಾಲಿಗೆ ಒಂದೇ ಒಂದು ಮಳೆಗಾಲದ್ದು.

ಆ ವರ್ಷ ನಾನು ಕಾಪುವಿನಿಂದ ಶಿರ್ವದ ಕಡೆಗೆ ಹೋಗುವ ರಸ್ತೆ ಬದಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಲೈಬ್ರರಿ ಟೀಚರಾಗಿದ್ದೆ. ಅಲೆವೂರಿನ ನಮ್ಮ ಮನೆಯಿಂದ ಬಸ್ಸು ಬದಲಿಸಿಕೊಂಡು ಹೋಗಬೇಕು. ಕೆಲಸ ಗುತ್ತಿಗೆಯದು, ಮಾರ್ಚಿಗೆ ಮುಗಿದು ಜೂನಿನಲ್ಲಿ ಕರೆದರೆ ಮತ್ತೆ ಶುರುವಾಗುವಂಥದ್ದು; ಅದು ನನ್ನ ಮೂರನೆಯ ವರ್ಷ. ಲೈಬ್ರರಿ ಎಂದರೆ ಮೇಲಿನ ಮಹಡಿಯ ಒಂದು ಉದ್ದನೆಯ ಕೋಣೆ. ಕಿಟಕಿಗಳೆಲ್ಲ ಕಡಲಿನ ದಿಕ್ಕಿಗೆ. ಗಾಳಿ ಜೋರಾದರೆ ಎರಚಲು ಒಳಗೆ ಬಂದು ಕನ್ನಡ ಕತೆಪುಸ್ತಕಗಳ ಕಪಾಟು ತೋಯುತ್ತಿತ್ತು. ಕೋಣೆಯ ಮೇಲೆ ಇನ್ನೊಂದು ಮಹಡಿ ಏಳುತ್ತಿತ್ತು. ಹಾಗಾಗಿ ಮಳೆ ನಿಂತರೆ ಸೆಂಟ್ರಿಂಗ್ ಹಲಗೆ ಬಡಿಯುವ ಸದ್ದು, ಹಲಗೆಯ ಸದ್ದು ನಿಂತರೆ ಮಳೆಯ ಸದ್ದು.

ಜುಲೈಯಲ್ಲಿ ಮೈದಾನದ ತುಂಬ ನೀರು ನಿಂತಿತು. ಸಣ್ಣ ತರಗತಿಗಳ ಆಟದ ಪೀರಿಯಡನ್ನೂ ನನ್ನ ಕೋಣೆಗೆ ಕಳುಹಿಸತೊಡಗಿದರು. ಓಡಬೇಕಾದ ಮಕ್ಕಳನ್ನು ಪುಸ್ತಕದ ಮುಂದೆ ಕೂರಿಸಿದರೆ ಏನಾಗುತ್ತದೋ ಅದೇ ಆಯಿತು. ಒಂದು ಶುಕ್ರವಾರ ನಾಲ್ಕನೇ ತರಗತಿಯವರ ಗಲಾಟೆ ತಡೆಯಲಾರದೆ ಹಳೆ ಪೇಪರಿನ ಕಟ್ಟು ಬಿಚ್ಚಿ ಮೇಜಿನ ಮೇಲೆ ಹಾಕಿದೆ.

"ಎರಡು ಮೇಜಿನ ನಡುವೆ ಒಂದು ಸಂಕ ಕಟ್ಟಿ. ಪೇಪರು ಮತ್ತು ಅಂಟು, ಇಷ್ಟೇ. ಅದರ ಮೇಲೆ ನಾನು ಪುಸ್ತಕ ಇಡ್ತೇನೆ. ಯಾರದ್ದು ಹೆಚ್ಚು ಹೊರುತ್ತದೆ ನೋಡುವ."

ಸಂಕ ಅಂದರೆ ನಮ್ಮ ಕಡೆ ತೋಡು ದಾಟಲು ಹಾಕುವ ಕಾಲುಸೇತುವೆ. ಅವರಲ್ಲಿ ಹೆಚ್ಚಿನವರು ಸಂಕ ದಾಟಿಯೇ ಶಾಲೆಯ ವ್ಯಾನಿಗೆ ಬರುವವರು. ಆ ದಿನ ಎಲ್ಲರ ಸಂಕವೂ ಬಿತ್ತು. ಪುಸ್ತಕ ಬೀಳುವ ಸದ್ದಿಗೆ ಮಕ್ಕಳು ನಕ್ಕ ನಗು ಇನ್ನೂ ಕಿವಿಯಲ್ಲಿ ಉಂಟು. ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ.

ಅಲ್ಲಿಂದ ಪ್ರತಿ ಶುಕ್ರವಾರ ಒಂದೊಂದು ಸವಾಲು. ತೆಂಗಿನ ಕಡ್ಡಿಯಲ್ಲಿ, ಫ್ಯಾನಿನ ಗಾಳಿಗೆ ಬೀಳದ ಗೋಪುರ. ಬಕೆಟ್ ನೀರಿನಲ್ಲಿ ಗೋಲಿ ಹೊತ್ತು ತೇಲುವ ದೋಣಿ. ಬಾಟಲಿ ಮುಚ್ಚಳದ ಚಕ್ರದ ಗಾಡಿ. ನಾನು ವಿಜ್ಞಾನ ಓದಿದವಳಲ್ಲ. ಯಾವುದು ನಿಲ್ಲುತ್ತದೆ, ಯಾವುದು ಮುಳುಗುತ್ತದೆ ಎಂದು ನನಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಮೈದಾ ಅಂಟು ಕಾಯಿಸಿ ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸು ಹತ್ತುತ್ತಿದ್ದೆ, ಅಷ್ಟೇ ನನ್ನ ತಯಾರಿ.

ಆ ತರಗತಿಯಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಇದ್ದಳು. ಅವಳ ಅಪ್ಪ ಅಮ್ಮ ಕೊಪ್ಪಳದ ಕಡೆಯವರು. ನಮ್ಮ ತಲೆಯ ಮೇಲೆ ಏಳುತ್ತಿದ್ದ ಮಹಡಿಯಲ್ಲೇ ಇಬ್ಬರಿಗೂ ಕೆಲಸ, ವಾಸ ಕೆಲಸದವರ ಶೆಡ್ಡಿನಲ್ಲಿ. ಕಂಟ್ರಾಕ್ಟರು ಕೇಳಿಕೊಂಡದ್ದಕ್ಕೆ ಶಾಲೆಯ ಸಂಚಾಲಕರು ಅವಳಿಗೆ ಫೀಸಿಲ್ಲದೆ ಸೀಟು ಕೊಟ್ಟಿದ್ದರು. ಇಂಗ್ಲಿಷ್ ಬಾರದು, ತುಳು ಬಾರದು, ಅವಳ ಕನ್ನಡಕ್ಕೆ ಉಳಿದ ಮಕ್ಕಳು ಬಾಯಿ ಮುಚ್ಚಿ ನಗುತ್ತಿದ್ದರು. ಆದರೆ ಶುಕ್ರವಾರ ಅವಳು ಬೇರೆಯೇ. ತನ್ನ ಸಂಕದ ಮೇಲೆ ಪುಸ್ತಕ ಇಡುವಾಗ ಉಳಿದವರೆಲ್ಲ ನಿಂತುಕೊಂಡು ಮೇಲಿನಿಂದ ನೋಡಿದರೆ ಅವಳು ಕುಕ್ಕರುಗಾಲಿನಲ್ಲಿ ಕೂತು, ಗಲ್ಲವನ್ನು ಮೇಜಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು.

"ಎಂತ ಮಾಡ್ತಿದ್ದಿ ನೀನು?" ಎಂದು ಒಮ್ಮೆ ಕೇಳಿದೆ.

"ಮುರಿಯೂದಕ್ಕ ಮೊದಲು ಎಲ್ಲಿ ಬಗ್ಗತೈತಿ ನೋಡಾಕತ್ತೀನ್ರಿ ಟೀಚರ್."

ಬಿದ್ದ ಮೇಲೆ ಅವಳಿಗೆ ಬೇಸರವೇ ಇಲ್ಲ. ಎಲ್ಲಿ ಬಗ್ಗಿತ್ತೋ ಅಲ್ಲಿಗೆ ಇನ್ನೊಂದು ಪೇಪರಿನ ಕೊಳವೆ ಸುತ್ತಿ ಅಂಟಿಸುವಳು. ಮತ್ತೆ ಬೀಳುವುದು. ಮತ್ತೆ ಕೂರುವಳು. ಅವಳ ಜೋಡಿ ರಿಯಾ ಎಂಬ ಶಿರ್ವದ ಹುಡುಗಿ, ಮನೆಯಿಂದ ಪೇಪರು ತಂದು, ಮಡಿಕೆ ಬೀಳದ ಹಾಳೆಗಳನ್ನು ಆರಿಸಿ ಭಾಗ್ಯಾಳಿಗೆಂದೇ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆಗಸ್ಟ್ ಮುಗಿಯುವಷ್ಟರಲ್ಲಿ ಅವರಿಬ್ಬರ ಸಂಕ, ನಾವು ಯಾರೂ ತೆಗೆದು ಓದದ ದಪ್ಪ ನಿಘಂಟನ್ನೂ ಅದರ ಮೇಲೆ ಅಟ್ಲಾಸನ್ನೂ ಹೊತ್ತು ನಿಂತಿತು.

ಅದೇ ಹೊತ್ತಿಗೆ ಶಾಲೆಗೆ ಹೊಸ ಅಕಾಡೆಮಿಕ್ ಕೋಆರ್ಡಿನೇಟರ್ ಬಂದರು. ಶರ್ಮಿಳಾ ಮೇಡಂ ಎಂದು, ಮಣಿಪಾಲದಿಂದ ಕಾರಿನಲ್ಲಿ ಬರುತ್ತಿದ್ದರು. ಚುರುಕಿನ ಹೆಂಗಸು, ಯಾರ ಮೇಲೂ ದನಿ ಏರಿಸಿದವರಲ್ಲ. ದೂರದ ಒಂದು ದೊಡ್ಡ ಶಿಕ್ಷಣ ಸಂಸ್ಥೆ ನಮ್ಮ ಶಾಲೆಯನ್ನು ತನ್ನೊಳಗೆ ಸೇರಿಸಿಕೊಳ್ಳುವ ಮಾತು ಆಗ ನಡೆದಿತ್ತು. ಆ ಸಂಸ್ಥೆಯವರು ಬಂದು ಶಾಲೆ ನೋಡುವವರಿದ್ದರು. ಒಂದು ಶುಕ್ರವಾರ ಮೇಡಂ ಲೈಬ್ರರಿಯ ಬಾಗಿಲಲ್ಲಿ ನಿಂತು ಮಕ್ಕಳನ್ನು ನೋಡಿದರು, ಫೋನಿನಲ್ಲಿ ಫೋಟೋ ತೆಗೆದರು. ಮರುವಾರ ನನ್ನ ಕೋಣೆಗೆ 'ಸ್ಟೆಮ್ ಚಾಲೆಂಜ್ ಝೋನ್' ಎಂಬ ಬೋರ್ಡು ಬಂತು. ಎರಚಲಿಗೆ ಪ್ಲಾಸ್ಟಿಕ್ ಪರದೆ ಹಾಕಿ ಎಂದು ನಾನು ಮೂರು ಮಳೆಗಾಲದಿಂದ ಕೇಳುತ್ತಿದ್ದೆ, ಅದೂ ಬಂತು.

"ತುಂಬಾ ಚೆಂದ ಐಡಿಯಾ ನಿಮ್ಮದು," ಎಂದರು ಮೇಡಂ. "ಗೆಸ್ಟ್ ಬಂದಾಗ ಇದನ್ನೇ ತೋರಿಸುವ. ಸ್ವಲ್ಪ ಶಿಸ್ತು ಬೇಕು, ಅಷ್ಟೇ."

ಶಿಸ್ತು ಎಂದರೆ ರಿಹರ್ಸಲ್. ಶುಕ್ರವಾರ ಮಾತ್ರ ಇದ್ದದ್ದು ದಿನವೂ ಆಯಿತು. ಯಾವ ಮೇಜಿನವರು ಏನು ಕಟ್ಟಬೇಕು, ಯಾರು ಯಾವಾಗ ಕೈ ಎತ್ತಬೇಕು, ಅತಿಥಿಗಳು ಕೇಳಿದರೆ ಯಾವ ವಾಕ್ಯ ಹೇಳಬೇಕು, ಎಲ್ಲ ತೀರ್ಮಾನವಾಯಿತು. ಎರಡನೆಯ ದಿನ ಮೇಡಂ ಕೈ ಕಟ್ಟಿಕೊಂಡು ನೋಡಿ ತಲೆಯಾಡಿಸಿದರು.

"ಎಲ್ಲರದ್ದೂ ನಿಂತ್ರೆ ಕಲಿಕೆ ಎಲ್ಲಿ ಕಾಣ್ತದೆ? ಒಂದು ಬ್ರಿಡ್ಜ್ ಬೀಳ್ಬೇಕು. ಬಿದ್ದ ಮಗು ಅಳ್ಬಾರದು, ಯೋಚನೆ ಮಾಡ್ಬೇಕು, ಫ್ರೆಂಡ್ ಹತ್ರ ಹೆಲ್ಪ್ ತಗೊಂಡು ಪುನಃ ಕಟ್ಬೇಕು. ನೋಡುವವರಿಗೆ ಅದೇ ಬೇಕಾದ್ದು."

"ಬೀಳುದಾದ್ರೆ ಅದೇ ಬೀಳ್ತದೆ ಮೇಡಂ," ಎಂದೆ ನಾನು. "ಬೀಳಿಸ್ಲಿಕ್ಕೆ ಕಲಿಸುದು ಯಾಕೆ?"

"ಅವತ್ತು ಬೀಳದಿದ್ರೆ?"

ಅವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಹೋದರು. ಈ ಹುಡುಗನ ಅಮ್ಮ ಪಾಲಕರ ಸಭೆಯಲ್ಲಿ ಜೋರು ಮಾತಾಡುವವರು. ಆ ಹುಡುಗಿಯ ಅಪ್ಪ ದುಬೈಯಿಂದ ವಿಡಿಯೋ ಕಾಲ್ ಮಾಡಿ ಮಗಳಿಗೆ ಯಾಕೆ ಆ ಪಾರ್ಟು ಎಂದು ಕೇಳುವವರು. ಕೊನೆಗೆ ಕಣ್ಣು ಭಾಗ್ಯಾಳ ಮೇಲೆ ನಿಂತಿತು.

"ಇವಳ ಮನೆಯವರು ವಾಟ್ಸಾಪ್ ಗ್ರೂಪಲ್ಲಿ ಇಲ್ಲ ಅಲ್ವಾ?"

"ಅವಳು ಎಲ್ಲರಿಗಿಂತ ಗಟ್ಟಿ ಕಟ್ಟುವವಳು ಮೇಡಂ," ಎಂದೆ.

"ಹಾಗಾದ್ರೆ ಮತ್ತೂ ಒಳ್ಳೆಯದು. ಯಾವುದು ಬೀಳ್ತದೆ ಅಂತ ಅವಳಿಗೆ ಗೊತ್ತುಂಟಲ್ಲ." ಆಮೇಲೆ ನನ್ನ ಭುಜದ ಮೇಲೆ ಮೆತ್ತಗೆ ಕೈಯಿಟ್ಟು, "ನೀವು ಪುಸ್ತಕ ನೋಡಿಕೊಳ್ಳಿ. ಇದನ್ನು ನಾನು ನೋಡಿಕೊಳ್ತೇನೆ," ಎಂದರು.

ಭಾಗ್ಯಾಳಿಗೆ ಒಂದೇ ಹಾಳೆ ಪೇಪರು, ಸುತ್ತದೆ ಚಪ್ಪಟೆಯಾಗಿ ಹಾಸಬೇಕು. ಎರಡನೆಯ ಪುಸ್ತಕಕ್ಕೆ ಅದು ಕುಸಿಯಬೇಕು. ಆಗ ಪ್ರಣೀತ್ ಎಂಬ ಹುಡುಗ, ಕಾಪುವಿನ ಒಂದು ಹೋಟೆಲಿನವರ ಮಗ, ಬಂದು "ಡೋಂಟ್ ವರಿ ಭಾಗ್ಯಾ, ಟ್ರೈ ಲೈಕ್ ದಿಸ್" ಎಂದು ಪೇಪರು ಸುತ್ತುವುದನ್ನು ತೋರಿಸಬೇಕು. ಅವನಿಗೆ ಸುತ್ತುವುದನ್ನು ಕಲಿಸಿಕೊಟ್ಟವಳು ಭಾಗ್ಯಾಳೇ. ಮೊದಮೊದಲು ಅವನು ಸುತ್ತಿದ ಕೊಳವೆ ಬಿಚ್ಚಿಹೋಗುತ್ತಿತ್ತು. ಎಲ್ಲ ಆದ ಮೇಲೆ ಅವಳು ಅತಿಥಿಗಳ ಕಡೆಗೆ ತಿರುಗಿ "ಐ ಫೇಲ್ಡ್, ಬಟ್ ಐ ಲರ್ನ್ಡ್. ಥ್ಯಾಂಕ್ ಯೂ ಪ್ರಣೀತ್" ಎನ್ನಬೇಕು.

ಮೊದಲ ದಿನ ಅವಳಿಗೆ ಅದು ಆಟವೆಂದೇ ತೋಚಿತು. ಬೀಳಿಸಿ ನಕ್ಕಳು. ಮೇಡಂ ಪುನಃ ಮಾಡಿಸಿದರು. ನಗಬಾರದು, ತಲೆ ತಗ್ಗಿಸಬೇಕು. ಪುನಃ. ವಾಕ್ಯ ತೊದಲಿದರೆ ಪುನಃ. ಒಂದು ವಾರ ಕಳೆಯುವ ಹೊತ್ತಿಗೆ ಉಳಿದ ಮಕ್ಕಳಿಗೆ ಆ ವಾಕ್ಯ ಅವಳಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಅವಳು ಊಟದ ಬುತ್ತಿ ಹಿಡಿದು ಹೋದರೆ "ಐ ಫೇಲ್ಡ್ ಬಂದಳು" ಎನ್ನುವರು. ಲೆಕ್ಕದಲ್ಲಿ ಅವಳಿಗೆ ಒಳ್ಳೆ ಮಾರ್ಕು ಬಂದಾಗ ಹಿಂದಿನ ಬೆಂಚಿನಿಂದ ಯಾರೋ "ಬಟ್ ಐ ಲರ್ನ್ಡ್" ಎಂದರಂತೆ, ಕ್ಲಾಸ್ ಟೀಚರಿಗೂ ನಗು ಬಂತಂತೆ. ರಿಯಾಳನ್ನು ಪ್ರಣೀತನ ಮೇಜಿಗೆ ಹಾಕಿದ್ದರು. ಅವಳು ಮಡಿಕೆಯಿಲ್ಲದ ಹಾಳೆ ತರುವುದನ್ನು ನಿಲ್ಲಿಸಿದಳು.

ನಾನು ಸಂಚಾಲಕರ ಕೋಣೆಗೂ ಹೋಗಿ ಹೇಳಿದೆ. ಅವರು ಎದುರಿನ ಕುರ್ಚಿ ತೋರಿಸಿ, ಚಹಾ ತರಿಸಿ, ಎಲ್ಲ ಕೇಳಿದರು. "ಅದು ನಾಟಕ ಅಲ್ವಾ ಟೀಚರ್? ನಾಟಕದಲ್ಲಿ ರಾಕ್ಷಸನ ವೇಷ ಯಾರಾದ್ರೂ ಒಬ್ಬರು ಹಾಕ್ಬೇಕಲ್ಲ," ಎಂದರು. "ಮತ್ತೆ ಆ ಮಗು ಇಲ್ಲಿ ಕೂತು ಕಲಿಯುದೇ ದೊಡ್ಡದು. ಅದನ್ನು ನೀವು ಹಾಳು ಮಾಡ್ಬೇಡಿ." ಚಹಾ ಮುಗಿಯುವವರೆಗೆ ಅವರು ಹೊಸ ಮಹಡಿಯ ಟೈಲ್ಸಿನ ಬಗ್ಗೆ ಮಾತಾಡಿದರು.

ಅತಿಥಿಗಳು ಬರುವ ಮೊದಲಿನ ದಿನ ಮಧ್ಯಾಹ್ನ ಭಾಗ್ಯಾಳ ಅಮ್ಮ ಲೈಬ್ರರಿಯ ಬಾಗಿಲಲ್ಲಿ ಬಂದು ನಿಂತರು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಟವೆಲು, ಕಾಲಿಗೆ ಸಿಮೆಂಟು. ನೆಲ ಕೊಳೆಯಾದೀತೆಂದು ಒಳಗೆ ಬರಲಿಲ್ಲ.

"ನಮ್ಮ ಹುಡುಗಿಗೆ ಇಂಗ್ಲಿಷಿನ್ಯಾಗ ಮಾತಾಡಾಕ ಕೊಟ್ಟಾರಂತಲ್ರಿ ಟೀಚರ್? ಮನ್ಯಾಗ ದಿನಾ ಹೇಳ್ತಾಳ್ರಿ. ಶೆಡ್ಡಿನ ಮಂದಿ ಎಲ್ಲಾರೂ ಕರದು ಕರದು ಹೇಳಸ್ತಾರ. ಏನೋ ಲರ್ನ್ ಲರ್ನ್ ಅಂತಾಳ. ಅಂದ್ರ ಏನ್ರಿ ಅದು?"

"ಕಲಿತೆ ಅಂತ," ಎಂದೆ.

ಅವರ ಮುಖ ಅರಳಿತು. "ಹೌದೇನ್ರಿ," ಎಂದು ಟವೆಲಿನಿಂದ ಬಾಯಿ ಒರೆಸಿಕೊಂಡು ಮೆಟ್ಟಿಲು ಹತ್ತಿ ಕೆಲಸಕ್ಕೆ ಹೋದರು. ಮೊದಲಿನ ಎರಡು ಶಬ್ದದ ಅರ್ಥ ಅವರು ಕೇಳಲಿಲ್ಲ.

ಮರುದಿನ ಮಳೆ ಇಳಿದಿತ್ತು, ಬಿಸಿಲು ಬಂದು ಹೋಗುತ್ತಿತ್ತು. ಮಹಡಿಯ ಕೆಲಸಕ್ಕೆ ರಜೆ ಕೊಟ್ಟಿದ್ದರು, ಸದ್ದಾಗಬಾರದೆಂದು. ಅತಿಥಿಗಳು ನಾಲ್ಕೈದು ಮಂದಿ. ಮಾತಾಡುತ್ತಿದ್ದವರು ಬಿಳಿ ಅಂಗಿಯ ಒಬ್ಬ ಹಿರಿಯರು ಮಾತ್ರ. ಕ್ಲಾಸುಗಳನ್ನೆಲ್ಲ ನೋಡಿ ಕೊನೆಗೆ ಲೈಬ್ರರಿಗೆ ಬಂದರು. ನಾನು ಕಪಾಟಿನ ಬಳಿ ನಿಂತಿದ್ದೆ. ಮಕ್ಕಳು ಕಟ್ಟಲು ಶುರುಮಾಡಿದರು.

ಭಾಗ್ಯಾ ತನ್ನ ಒಂದು ಹಾಳೆಯನ್ನು ಮೇಜಿನ ಮೇಲೆ ಹರಡಿ ಸ್ವಲ್ಪ ಹೊತ್ತು ನೋಡುತ್ತ ಕೂತಳು. ಆಮೇಲೆ ಅದನ್ನು ಉದ್ದಕ್ಕೆ ಹರಿದಳು. ಮತ್ತೆ ಹರಿದಳು. ಒಂದೊಂದನ್ನೂ ಬಿಗಿಯಾಗಿ ಸುತ್ತಿ, ಅಂಟು ಹಚ್ಚಿ, ಜೋಡಿಸಿ, ಅಡ್ಡಕ್ಕೆ ತುಂಡು ಕೊಟ್ಟು, ಎರಡು ಮೇಜಿನ ನಡುವೆ ಇಟ್ಟಳು. ಯಾರಿಗೂ ಎದುರು ನಿಲ್ಲಬೇಕೆಂದು ಮಾಡಿದ್ದಲ್ಲ ಅದು. ಅಂಟು ಸಿಕ್ಕಿತ್ತು, ಪೇಪರು ಸಿಕ್ಕಿತ್ತು, ಕೈ ಸುಮ್ಮನಿರಲಿಲ್ಲ.

ಬಿಳಿ ಅಂಗಿಯವರು ಅವಳ ಮೇಜಿಗೇ ಬಂದರು. ಒಂದು ಪುಸ್ತಕ ಇಟ್ಟರು, ಎರಡನೆಯದು ಇಟ್ಟರು. ಸಂಕ ನಿಂತಿತ್ತು. ಅವರಿಗೆ ಹುರುಪು ಬಂತು. ಕಪಾಟಿನಿಂದ ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಭಾಗ್ಯಾ ಕುಕ್ಕರುಗಾಲಿನಲ್ಲಿ ಕೂತು ಗಲ್ಲ ಮೇಜಿಗೆ ತಾಗಿಸಿ ಕೆಳಗಿನಿಂದ ನೋಡುತ್ತಿದ್ದಳು.

"ಡೋಂಟ್ ವರಿ ಭಾಗ್ಯಾ, ಟ್ರೈ ಲೈಕ್ ದಿಸ್," ಎಂದ ಪ್ರಣೀತ್. ಎರಡನೆಯ ಪುಸ್ತಕ ಇಟ್ಟ ಮೇಲೆ ಹಾಗೆ ಹೇಳಬೇಕೆಂದು ಅವನಿಗೆ ಹೇಳಿಕೊಟ್ಟಿದ್ದರು.

ಬಿಳಿ ಅಂಗಿಯವರು ನಕ್ಕರು. "ಇದು ಬೀಳುದಿಲ್ಲ ಮಾರಾಯ್ರೆ," ಎಂದು ಸಂಚಾಲಕರ ಕಡೆ ನೋಡಿದರು.

ಶರ್ಮಿಳಾ ಮೇಡಂ ಮುಂದೆ ಬಂದರು. ಪುಸ್ತಕಗಳು ಸ್ವಲ್ಪ ಓರೆಯಾಗಿದ್ದವು. ಅವನ್ನು ಸರಿಮಾಡುವವರ ಹಾಗೆ ಮೇಲಿನ ಪುಸ್ತಕದ ಮೇಲೆ ಅಂಗೈ ಇಟ್ಟರು. ಇಟ್ಟು, ಅತಿಥಿಗಳ ಮುಖ ನೋಡಿ ನಗುತ್ತಲೇ, ಒತ್ತಿದರು. ಬಳೆಗಳು ಮಣಿಕಟ್ಟಿನಿಂದ ಕೆಳಗೆ ಜಾರಿದವು. ಸಂಕ ನಡುವಿನಲ್ಲಿ ಬಗ್ಗಿತು, ತುಸು ತಡೆಯಿತು, ಆಮೇಲೆ ಮುರಿಯಿತು. ಪುಸ್ತಕಗಳೆಲ್ಲ ಭಾಗ್ಯಾಳ ಕಾಲಿನ ಮೇಲೆ ಬಿದ್ದವು.

"ಓ, ಬಿತ್ತಲ್ಲ," ಎಂದರು ಮೇಡಂ. "ಈಗ ಎಂತ ಹೇಳ್ಬೇಕು ಭಾಗ್ಯಾ?"

ಅವಳು ಕಾಲು ಹಿಡಿದುಕೊಂಡು ಮೇಡಂ ಕೈಯನ್ನೇ ನೋಡುತ್ತಿದ್ದಳು. "ನೀವು ಒತ್ತಿದ್ರಿ," ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಯಾವ ಜಾಗದಲ್ಲಿ ಬಗ್ಗಿತು ಎಂದು ನನಗೆ ಹೇಳುತ್ತಿದ್ದಳಲ್ಲ, ಅದೇ ದನಿ.

"ಹೌದು. ಮೇಡಂ ಒತ್ತಿದ್ರು, ನಾನು ನೋಡಿದೆ," ಎಂದೆ ನಾನು.

ಸಂಚಾಲಕರು ನಕ್ಕು, "ನಮ್ಮ ಲೈಬ್ರರಿ ಟೀಚರಿಗೆ ಮಕ್ಕಳೆಂದರೆ ತುಂಬಾ ಪ್ರೀತಿ," ಎಂದು ಅತಿಥಿಗಳಿಗೆ ಹೇಳಿದರು. ಶರ್ಮಿಳಾ ಮೇಡಂ ನನ್ನ ಕಡೆ ತಿರುಗಲೂ ಇಲ್ಲ. ತರಗತಿಗೆ ಮುಖಮಾಡಿ, ಪ್ರಾರ್ಥನೆ ಹೇಳಿಸುವಾಗಿನ ಹಾಗೆ ಕೈ ಎತ್ತಿದರು.

"ಮಕ್ಕಳೇ, ಮೇಡಂ ಒತ್ತಿದ್ರಾ?"

"ಇಲ್ಲಾ ಮೇಡಂ," ಎಂದಿತು ಇಡೀ ತರಗತಿ.

ಪ್ರಣೀತನೂ ಹೇಳಿದ. ರಿಯಾಳೂ ಹೇಳಿದಳು. ಭಾಗ್ಯಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ರಿಯಾಳ ಮುಖದ ಮೇಲೆ ಅವಳ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಬಿಳಿ ಅಂಗಿಯವರು ಎಲ್ಲವನ್ನೂ ಹತ್ತಿರದಿಂದ ಕಂಡವರು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು.

"ಗೆಸ್ಟ್ ಕಾಯ್ತಿದ್ದಾರೆ ಭಾಗ್ಯಾ," ಎಂದರು ಮೇಡಂ, ಮೆತ್ತಗೆ.

ಅವಳು ಎದ್ದು ನಿಂತಳು. ತಲೆ ತಗ್ಗಿಸಿದಳು. "ಐ ಫೇಲ್ಡ್, ಬಟ್ ಐ ಲರ್ನ್ಡ್. ಥ್ಯಾಂಕ್ ಯೂ ಪ್ರಣೀತ್," ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಳಿ ಅಂಗಿಯವರು "ಗುಡ್, ಗುಡ್," ಎಂದು ಅವಳ ತಲೆ ಸವರಿ ಹೊರಗೆ ನಡೆದರು. ಕೆಳಗೆ ಗೋಳಿಬಜೆ, ಚಹಾ ಸಿದ್ಧವಾಗಿತ್ತು.

ಅವಳ ಕಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ನಾನು ತಣ್ಣೀರಿನ ಬಟ್ಟೆ ಕಟ್ಟುವಾಗ ಅವಳು ಅಳಲಿಲ್ಲ. ಮೆಟ್ಟಿಲಲ್ಲಿ ಪ್ರಣೀತ್ ಸಿಕ್ಕಿದ.

"ಟೀಚರ್, ಮೇಡಂ ಒತ್ತಿದ್ದು ನಾನು ನೋಡಿದ್ದೆ."

"ಮತ್ತೆ ಇಲ್ಲ ಅಂತ ಹೇಳಿದ್ದು ಯಾಕೆ?"

"ಎಲ್ಲರೂ ಹೇಳಿದ್ರಲ್ಲ," ಎಂದು ಅವನು ಗೋಳಿಬಜೆ ಉಳಿದಿದೆಯೋ ನೋಡಲು ಓಡಿದ.

ಸಂಜೆ ಗೇಟಿನ ಹತ್ತಿರ ಭಾಗ್ಯಾಳ ಅಮ್ಮ ಕಾಯುತ್ತಿದ್ದರು. ರಜೆಯ ದಿನವಾದ್ದರಿಂದ ತಲೆ ಬಾಚಿ ಒಳ್ಳೆಯ ಸೀರೆ ಉಟ್ಟಿದ್ದರು.

"ಚೆಂದ ಹೇಳಿದ್ಲೇನ್ರಿ ಟೀಚರ್?"

"ಮೇಡಂ ಅವಳ ಸಂಕ ಒತ್ತಿ ಮುರಿದರಮ್ಮ. ಅವಳದ್ದೇ ಎಲ್ಲಕ್ಕಿಂತ ಗಟ್ಟಿ ಇತ್ತು," ಎಂದೆ.

ಅವರು ನನ್ನನ್ನೂ, ಬಟ್ಟೆ ಕಟ್ಟಿದ ಕಾಲನ್ನೂ ನೋಡಿದರು. ಆಮೇಲೆ ಆಫೀಸಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ, "ಇರಲಿ ಬಿಡ್ರಿ. ಹೇಳೂದು ತಪ್ಪಲಿಲ್ಲಲ್ಲ? ಅಷ್ಟಾದ್ರ ಸಾಕು," ಎಂದರು. ಮಗಳ ಕೈ ಹಿಡಿದು ಶೆಡ್ಡಿನ ದಾರಿ ಹಿಡಿದರು. ಕುಂಟುತ್ತಿದ್ದಾಳೆಂದು ನಡಿಗೆ ನಿಧಾನ ಮಾಡಿಕೊಂಡರು.

ದೊಡ್ಡ ಸಂಸ್ಥೆ ಶಾಲೆಯನ್ನು ಸೇರಿಸಿಕೊಂಡಿತು. ಮಹಡಿಯ ಕೆಲಸ ಡಿಸೆಂಬರಿನಲ್ಲಿ ಮುಗಿಯಿತು, ಭಾಗ್ಯಾಳ ಮನೆಯವರು ಕಾರ್ಕಳದಿಂದಾಚೆ ಬಜಗೋಳಿಯ ಕಡೆ ಬೇರೆ ಕೆಲಸಕ್ಕೆ ಹೋದರು. ಅವಳನ್ನು ಅಲ್ಲಿ ಶಾಲೆಗೆ ಹಾಕಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಜೂನಿನಲ್ಲಿ ನನಗೂ ಕರೆ ಬರಲಿಲ್ಲ.

ಆದರೆ ಆ ಸೆಪ್ಟೆಂಬರಿನ ಕೊನೆಗೆ ಇನ್ನೂ ಒಂದು ಶುಕ್ರವಾರ ಇತ್ತು. ಅತಿಥಿಗಳಿಲ್ಲ, ಮೇಡಂ ಮಣಿಪಾಲದಲ್ಲಿ ಮೀಟಿಂಗಿಗೆ ಹೋಗಿದ್ದರು. ನಾನು ಬಾಗಿಲು ಹಾಕಿಕೊಂಡು, ಪೇಪರಿನ ಕಟ್ಟು ಬಿಚ್ಚಿ, ಅಂಟಿನ ಡಬ್ಬಿ ತೆರೆದಿಟ್ಟು, "ಇವತ್ತು ನಿಮಗೆ ಬೇಕಾದ್ದು ಕಟ್ಟಿ. ಎಷ್ಟು ಪೇಪರು ಬೇಕಾದರೂ ತಗೊಳ್ಳಿ," ಎಂದೆ.

ಯಾರೂ ಮುಟ್ಟಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟು ನೆಟ್ಟಗೆ ಕೂತಿದ್ದರು. ರಿಯಾ ಕೈ ಎತ್ತಿದಳು.

"ಟೀಚರ್, ಇವತ್ತು ಯಾರದ್ದು ಬೀಳ್ಬೇಕು?"

ನಾನು ಉತ್ತರ ಕೊಡುವ ಮೊದಲೇ ಭಾಗ್ಯಾ ಎದ್ದು ಬಂದು ಒಂದು ಹಾಳೆ ತೆಗೆದುಕೊಂಡಳು. ಎರಡು ಮೇಜಿನ ನಡುವೆ ಅದನ್ನು ಚಪ್ಪಟೆಯಾಗಿ ಹಾಸಿದಳು. ಕಪಾಟಿನಿಂದ ತಾನೇ ಪುಸ್ತಕ ತಂದು ಇಟ್ಟಳು. ಒಂದು, ಎರಡು. ಹಾಳೆ ಜಾರಿ ಪುಸ್ತಕಗಳು ನೆಲಕ್ಕೆ ಬಿದ್ದವು. ಕೂತು ನೋಡಲಿಲ್ಲ. ಕಾಲನ್ನು ಮಾತ್ರ ಮೊದಲೇ ಹಿಂದಕ್ಕೆ ಎಳೆದುಕೊಂಡಿದ್ದಳು. ತಲೆ ತಗ್ಗಿಸಿ, ಒಂದು ಕಡೆಯೂ ತೊದಲದೆ, ಆ ವಾಕ್ಯ ಪೂರ್ತಿ ಹೇಳಿದಳು.

ಮಕ್ಕಳು ಚಪ್ಪಾಳೆ ತಟ್ಟತೊಡಗಿದರು.

"ನಿಲ್ಲಿಸಿ," ಎಂದೆ.

ಎಲ್ಲರೂ ಒಂದೇ ಸಲಕ್ಕೆ ನಿಲ್ಲಿಸಿದರು.